ಒಂಬತ್ತನೆಯ ಸೂರ್ಯ

ನಮ್ಮ ಆಟ್ಲಿಸ್ಕೊದಲ್ಲಿ ಎರ್ಮಿನಿಯಾ ತೆಗೆದ ಫೋಟೊ ಇಲ್ಲದ ಮನೆ ಇಲ್ಲ. ಗೋಡೆಗೆ ತೂಗುಹಾಕುವಂಥ ಫೋಟೊಗಳಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ, ಪಿಂಚಣಿ ಕೇಳುವಾಗ ಕಾಗದದ ಮೂಲೆಗೆ ಅಂಟಿಸುವ ಎರಡು ಬೆರಳಗಲದ ಫೋಟೊಗಳು. ನನ್ನದನ್ನೇ ಐದು ಸಲ ತೆಗೆದಿದ್ದಾಳೆ. ಐದರಲ್ಲೂ ನಾನು ಜೈಲಿನಿಂದ ತಪ್ಪಿಸಿಕೊಂಡು ಬಂದವನಂತೆ ಕಾಣುತ್ತೇನೆ. ಹಾಗೆಂದು ದೂರಿದರೆ, "ಮೇಷ್ಟ್ರೇ, ಎದುರಿಗೆ ಕೂತಿರೋದನ್ನ ಕ್ಯಾಮೆರಾ ತೆಗೆಯುತ್ತೆ. ಅದಕ್ಕೆ ನಾನೇನ್ ಮಾಡ್ಲಿ?" ಅನ್ನುತ್ತಾಳೆ.

ನನ್ನ ಹೆಸರು ಎವಾರಿಸ್ಟೊ. ಮೂವತ್ತೆಂಟು ವರ್ಷ ಈ ಊರಿನ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿದವನು. ಎರ್ಮಿನಿಯಾ ಕೂಡ ನನ್ನ ಕೈಯಲ್ಲೇ ಕಲಿತವಳು. ಗಣಿತದಲ್ಲಿ ಸಾಧಾರಣ, ಎದುರುತ್ತರದಲ್ಲಿ ಮೊದಲನೆಯವಳು. ಈಗ ಆಕೆಗೆ ಐವತ್ತೆಂಟು. ನಾವಿಬ್ಬರೂ ಊರಿನ ಆಕಾಶ ನೋಡುವವರ ಸಂಘದಲ್ಲಿದ್ದೇವೆ. ಸಂಘವೆಂದರೆ ಹನ್ನೊಂದು ಜನ, ನಾಲ್ಕು ದುರ್ಬೀನು. ಗುರುವಾರ ಗುರುವಾರ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಆಕಾಶ ನೋಡುವುದು ಕಾಲು ಗಂಟೆ, ಜಗಳ ಮುಕ್ಕಾಲು ಗಂಟೆ. ಹನ್ನೊಂದು ಜನರಲ್ಲಿ ನಿಜವಾಗಿ ಫೋಟೊ ತೆಗೆಯಲು ಬರುವುದು ಆಕೆ ಒಬ್ಬಳಿಗೇ. ಉಳಿದವರಿಗೆ ಬಾಯಿ ಚೆನ್ನಾಗಿ ಬರುತ್ತದೆ, ನನ್ನನ್ನೂ ಸೇರಿಸಿ.

ಆಕೆಗೆ ಈ ಹುಚ್ಚು ಹತ್ತಿದ್ದು ತೊಂಬತ್ತೊಂದರ ಜುಲೈಯಲ್ಲಿ. ಆ ದಿನ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಖಗ್ರಾಸ ಸೂರ್ಯಗ್ರಹಣ. ಮಟಮಟ ಮಧ್ಯಾಹ್ನ ಆರು ನಿಮಿಷಕ್ಕೂ ಮೀರಿ ಕತ್ತಲೆ. ಹತ್ತು ತಲೆಮಾರಿಗೆ ಒಮ್ಮೆ ಒಂದು ಊರಿಗೆ ಸಿಗುವ ಭಾಗ್ಯ. ಎರ್ಮಿನಿಯಾಗೆ ಆಗ ಇಪ್ಪತ್ತೈದು ವರ್ಷ, ಏಳು ತಿಂಗಳ ಬಸುರಿ. ಹೊಸದಾಗಿ ಸ್ಟುಡಿಯೊ ಇಟ್ಟಿದ್ದಳು. ವಾರಕ್ಕೆ ಮುಂಚೆಯೇ ತಾರಸಿಯ ಮೇಲೆ ಕ್ಯಾಮೆರಾ ನಿಲ್ಲಿಸುವ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದಳಂತೆ.

ಗ್ರಹಣದ ದಿನ ಬೆಳಿಗ್ಗೆ ಅತ್ತೆ ದೋನ್ಯಾ ಟೊಮಾಸಾ ಸೊಸೆಗೆ ಕೆಂಪು ಒಳಉಡುಪು ಕೊಟ್ಟು, ಸೊಂಟಕ್ಕೆ ಎರಡು ಪಿನ್ನು ಚುಚ್ಚಿ, "ನಡಿ ಒಳಗೆ" ಅಂದರು. ಸೂರ್ಯನನ್ನು ತಿನ್ನುವುದು ಹೊಟ್ಟೆಯಲ್ಲಿರುವುದನ್ನೂ ಕಚ್ಚುತ್ತದೆ, ಮಗು ಸೀಳುತುಟಿಯೊಂದಿಗೆ ಹುಟ್ಟುತ್ತದೆ ಎಂಬುದೂ, ಕೆಂಪು ಬಣ್ಣ, ಲೋಹದ ಪಿನ್ನು ಅದನ್ನು ತಡೆಯುತ್ತವೆ ಎಂಬುದೂ ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಮನೆಯಲ್ಲಿ ಎಲ್ಲಕ್ಕಿಂತ ಕತ್ತಲೆಯ ಕೋಣೆ ಯಾವುದು? ಹಿತ್ತಲಿನಲ್ಲಿ ತಗಡು ಹೊದಿಸಿದ, ರೀಲು ತೊಳೆಯುವ ಡಾರ್ಕ್‌ರೂಮು. ಅಲ್ಲಿ ಉರಿಯುವುದು ಕೆಂಪು ದೀಪ ಎಂದು ತಿಳಿದು ಅತ್ತೆಗೆ ಇನ್ನೂ ಸಮಾಧಾನವಾಯಿತು. ಸೊಸೆಯನ್ನು ಒಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು.

ಫೋಟೊ ತೆಗೆಯುವ ಕೆಲಸ ಗಂಡ ಗಿಲ್ಬೆರ್ಟೊನ ಪಾಲಿಗೆ ಬಂತು. ಗುಲಾಬಿ ಗಿಡ ಬೆಳೆಸಿ ಮಾರುವ ಸಾಧು ಮನುಷ್ಯ. ಲೆನ್ಸಿನ ಮುಚ್ಚಳ ತೆಗೆಯದೆ ಮೂವತ್ತಾರಕ್ಕೆ ಮೂವತ್ತಾರೂ ಫೋಟೊ ಹೊಡೆದ. ಕ್ಯಾಮೆರಾದೊಳಗೆ ಕಪ್ಪಗೆ ಕಂಡದ್ದಕ್ಕೆ ಗ್ರಹಣ ಭಾರಿ ಚೆನ್ನಾಗಿ ಹಿಡಿದಿದೆ ಅಂದುಕೊಂಡನಂತೆ. ಇವತ್ತಿಗೂ ಅವನೆದುರು ಮುಚ್ಚಳ ಎಂಬ ಮಾತೆತ್ತಿದರೆ ಎದ್ದು ಹೋಗುತ್ತಾನೆ.

ಎರ್ಮಿನಿಯಾ ಒಳಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಹೊತ್ತಲ್ಲದ ಹೊತ್ತಿನಲ್ಲಿ ಕೋಳಿ ಕೂಗಿದ್ದು, ನಾಯಿಗಳು ಊಳಿಟ್ಟದ್ದು, ಇಡೀ ಊರು ಒಟ್ಟಿಗೆ 'ಓ' ಎಂದದ್ದು, ಬೆಳಕು ಮರಳಿದಾಗ ಚಪ್ಪಾಳೆ. ಮರುದಿನದಿಂದ ಊರವರೆಲ್ಲ ತಮ್ಮ ತಮ್ಮ ರೀಲು ತಂದು ಆಕೆಯ ಮುಂದೆ ಸುರಿದರು. ತಾನು ನೋಡದ ಗ್ರಹಣವನ್ನು ಆಕೆ ಹದಿನೈದು ದಿನ ಅದೇ ಕೋಣೆಯಲ್ಲಿ ನಿಂತು ತೊಳೆದುಕೊಟ್ಟಳು. ಹೆಚ್ಚಿನವರದರಲ್ಲಿ ಇದ್ದದ್ದು ಸಾಸಿವೆಯಷ್ಟು ಬಿಳಿ ಚುಕ್ಕೆ. ಆದರೂ ಒಂದೊಂದನ್ನೂ ತೊಳೆಯುವಾಗ ಹೊಟ್ಟೆ ಉರಿಯುತ್ತಿತ್ತು ಎಂದು ಆಕೆಯೇ ನನಗೆ ಹೇಳಿದ್ದಾಳೆ.

ಸೆಪ್ಟೆಂಬರಿನಲ್ಲಿ ಮಗಳು ಅರೆಲಿ ಹುಟ್ಟಿದಳು, ತುಟಿ ಮೂಗು ಎಲ್ಲ ನೆಟ್ಟಗೆ. ಪಿನ್ನಿನ ಮಹಿಮೆ ಎಂದರು ಅತ್ತೆ. ಸೊಸೆ ಮಾತಾಡಲಿಲ್ಲ. ಆರು ತಿಂಗಳು ಮಾತಾಡಲಿಲ್ಲ. ಆಮೇಲೆ ಮಾತು ಶುರುವಾಯಿತು, ಒಂದೇ ಒಲೆ, ಒಂದೇ ಊಟದ ಮೇಜು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಸಾರು ಕಾಯಿಸುವುದು ಎಲ್ಲ ನಡೆಯಿತು. ಸಿಟ್ಟು ಮಾತ್ರ ಎಲ್ಲೂ ಹೋಗಲಿಲ್ಲ. ಸಂಘಕ್ಕೆ ಸೇರಿದ ಮೇಲೆ ಎರ್ಮಿನಿಯಾ ಶಾಲೆ ಶಾಲೆಗೆ ಹೋಗಿ ಭಾಷಣ ಮಾಡತೊಡಗಿದಳು. "ಗ್ರಹಣ ಯಾರನ್ನೂ ಕಚ್ಚೋದಿಲ್ಲ, ಮಕ್ಕಳೇ" ಎಂದೇ ಶುರು. ಡಾರ್ಕ್‌ರೂಮಿನ ಕಥೆಗೆ ಬಂದಾಗ ಅತ್ತೆಯ ಹಾಗೆ ಸೊಂಟಕ್ಕೆ ಕೈಯಿಟ್ಟು ಕುಣಿದು ತೋರಿಸುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆಗೂ ಅದು ಗೊತ್ತಿತ್ತು, ಊರೇನು ದೊಡ್ಡದೇ?

ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್ ಎಂಟರಂದು ಮತ್ತೆ ಗ್ರಹಣ ಬಂತು. ಈ ಸಲ ಖಗ್ರಾಸ ಬಡಗಣ ಸೀಮೆಗೆ, ನಮಗೆ ಸುಮಾರು ಮುಕ್ಕಾಲು. ಸಂಘದವರು ಬಸ್ಸು ಮಾಡಿಕೊಂಡು ಟೊರೆಯಾನ್‌ಗೆ ಹೊರಟರು. ಹದಿನಾಲ್ಕು ಗಂಟೆ ದಾರಿ. ನನ್ನ ಮಂಡಿ ಒಪ್ಪಿದರೂ ಮೂತ್ರಕೋಶ ಒಪ್ಪುವಂತಿರಲಿಲ್ಲ, ಉಳಿದೆ. ಎಲ್ಲರಿಗಿಂತ ಮೊದಲು ಸೀಟು ಹಿಡಿದಿದ್ದವಳು ಎರ್ಮಿನಿಯಾ. ಮೂವತ್ತಮೂರು ವರ್ಷ ಕಾದವಳು ಹೊರಡುವ ಹಿಂದಿನ ವಾರ ಸೀಟನ್ನು ಹಲ್ಲಿನ ಡಾಕ್ಟರ ನಾದಿನಿಗೆ ಬಿಟ್ಟುಕೊಟ್ಟಳು.

ಕಾರಣ ಅರೆಲಿ. ಎಂಟು ತಿಂಗಳ ಬಸುರಿ, ತಾಯಿಯ ಮನೆಗೆ ಬಂದಿದ್ದಳು. ಅವಳ ಗಂಡ ಪುಯೆಬ್ಲಾದ ಕಾರ್ಖಾನೆಯಲ್ಲಿ ದುಡಿದು ಶನಿವಾರಕ್ಕೊಮ್ಮೆ ಬರುವವನು. ಇದಕ್ಕೆ ಮುಂಚೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು, ಒಮ್ಮೆ ನಾಲ್ಕಕ್ಕೆ, ಒಮ್ಮೆ ಆರಕ್ಕೆ. ಆರನೆಯ ತಿಂಗಳಿನದನ್ನು ಎರ್ಮಿನಿಯಾ ತನ್ನ ಕೈಯಲ್ಲೇ ಬಟ್ಟೆಯಲ್ಲಿ ಸುತ್ತಿದ್ದಳು. ಮೂರನೆಯದು ಎಂಟಕ್ಕೆ ಮುಟ್ಟಿದ ಮೇಲೆ ಆ ಮನೆಯಲ್ಲಿ ಜೋರಾಗಿ ಸೀನುವುದಕ್ಕೂ ಹೆದರುತ್ತಿದ್ದರು.

"ಮುಕ್ಕಾಲಾದ್ರೂ ನಮ್ಮ ಮನೆ ಮೇಲಿಂದೇ ಅಲ್ವಾ, ಮೇಷ್ಟ್ರೇ" ಎಂದಳು ಎರ್ಮಿನಿಯಾ. ಅವಳ ಲೆಕ್ಕ ಹೀಗಿತ್ತು: ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸ್ಪರ್ಶ. ಅಲ್ಲಿಂದ ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಫೋಟೊ. ಒಂದೂವರೆ ದಾಟಿ ಗ್ರಹಣ ಬಿಡುವಷ್ಟರಲ್ಲಿ ಹದಿನೇಳು ಸೂರ್ಯ. ನಡುವಿನ ಒಂಬತ್ತನೆಯದು, ಹನ್ನೆರಡೂ ಕಾಲು ಗಂಟೆಯದು, ಎಲ್ಲಕ್ಕಿಂತ ತೆಳುವಾದ ಕುಡುಗೋಲು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸಾಲಾಗಿ ಅಚ್ಚುಮಾಡಿ ಸ್ಟುಡಿಯೊದಲ್ಲಿ ತೂಗುಹಾಕಬೇಕು. ಇದೊಂದನ್ನು ಆಕೆ ಬಾಯಿಬಿಟ್ಟು ಆಸೆಪಟ್ಟಿದ್ದಳು.

ಗ್ರಹಣಕ್ಕೆ ಎರಡು ದಿನ ಮುಂಚೆ ಫಿಲ್ಟರ್ ತೋರಿಸುವ ನೆಪದಲ್ಲಿ ನಮ್ಮ ಮನೆಗೆ ಬಂದಳು. ಹಾಲಿನ ಪುಡಿಯ ಡಬ್ಬಿ ಕತ್ತರಿಸಿ ಬಳೆ ಮಾಡಿ, ಅದಕ್ಕೆ ಫಿಲ್ಟರಿನ ಬೆಳ್ಳಿ ಹಾಳೆ ಬಿಗಿದು, ಲೆನ್ಸಿಗೆ ಕೂರುವಂತೆ ಮಾಡಿದ್ದಳು. ತೂತು ಎಲ್ಲಾದರೂ ಇದೆಯೇ ಎಂದು ನಾನು ದೀಪಕ್ಕೆ ಹಿಡಿದು ನೋಡುತ್ತಿದ್ದಾಗ ಮೆಲ್ಲಗೆ ಶುರುಮಾಡಿದಳು.

"ಮೇಷ್ಟ್ರೇ, ಒಂದ್ ಮಾತು. ನಗಬಾರದು."

"ನಗೋ ಹಾಗಿದ್ರೆ ನಗ್ತೀನಿ. ಹೇಳು."

"ಈ ಬಸುರಿಯರ ವಿಷ್ಯ... ಯಾರಾದ್ರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾರಾ? ಇಷ್ಟು ಜನರನ್ನ ನೋಡಿದ್ವಿ, ಏನೂ ಆಗ್ಲಿಲ್ಲ, ಅಂತ?"

ನಾನು ನಕ್ಕೆ. ತಪ್ಪಾಯಿತು, ಆದರೂ ನಕ್ಕೆ. "ಮೂವತ್ತು ವರ್ಷದಿಂದ ಶಾಲೆ ಶಾಲೆಗೆ ಹೋಗಿ ಕಚ್ಚಲ್ಲ ಕಚ್ಚಲ್ಲ ಅಂತ ಹೇಳ್ತಿರೋಳು ನೀನೇ ಅಲ್ವೇನೇ!"

"ಹೇಳಿದ್ದು ಬೇರೆಯವರ ಮಕ್ಕಳಿಗೆ" ಎಂದು ಫಿಲ್ಟರನ್ನು ನನ್ನ ಕೈಯಿಂದ ಕಿತ್ತುಕೊಂಡು ಹೊರಟುಹೋದಳು.

ಸೋಮವಾರ ಬೆಳಿಗ್ಗೆ ನನ್ನ ಪುಟ್ಟ ದುರ್ಬೀನು ಹೊತ್ತುಕೊಂಡು ಅವರ ಮನೆಗೆ ಹೋದೆ. ನಮ್ಮ ಬೆಂಕಿಬೆಟ್ಟ ದೊನ್ ಗೋಯೊ ಹಿಂದಿನ ದಿನವಿಡೀ ಬೂದಿ ಉಗುಳಿದ್ದ. ಅವತ್ತು ಮಾತ್ರ ಯಾರೋ ಗದರಿಸಿದ ಹಾಗೆ ಸುಮ್ಮನಿದ್ದ. ಆಕಾಶ ತೊಳೆದಿಟ್ಟಂತಿತ್ತು. ಗಿಲ್ಬೆರ್ಟೊ ಗುಲಾಬಿಯ ಲಾರಿಯ ಜೊತೆ ಹೋಗಿದ್ದ. ಪುಣ್ಯವಂತ, ಈ ಸಲ ಯಾರೂ ಅವನ ಕೈಗೆ ಕ್ಯಾಮೆರಾ ಕೊಡುವಂತಿರಲಿಲ್ಲ. ಅಡುಗೆಮನೆಯಲ್ಲಿ ಮೂವರು ಹೆಂಗಸರು. ಎಂಬತ್ತಾರರ ದೋನ್ಯಾ ಟೊಮಾಸಾ ಒಲೆಯ ಮುಂದೆ ಮುಸುಕಿನ ಜೋಳದ ಕಡುಬಾದ ತಮಾಲೆಯ ಹಬೆಪಾತ್ರೆ ಇಳಿಸುತ್ತಿದ್ದರು. ತಾಯಿ ಮಗಳು ಮೇಜಿನ ಎರಡು ಕಡೆ ನಿಂತಿದ್ದರು. ಗ್ರಹಣದ ಹೊತ್ತು ಅರೆಲಿ ಒಳಗಿರಬೇಕೋ ಬೇಡವೋ ಎಂಬ ಜಗಳ ಅರ್ಧ ದಾರಿಗೆ ಬಂದಾಗಿತ್ತು.

"ನಿನ್ನ ಭಾಷಣ ನಾನು ಮೂರನೇ ಕ್ಲಾಸಲ್ಲೇ ಕೇಳಿದೀನಮ್ಮಾ. ಚಪ್ಪಾಳೆ ಬೇರೆ ಹೊಡೆದಿದ್ದೆ" ಎಂದಳು ಅರೆಲಿ.

"ಆ ಚಪ್ಪಾಳೆ ವಾಪಸ್ ತಗೋ."

"ಮೇಷ್ಟ್ರೇ, ನೀವಾದ್ರೂ ಹೇಳಿ ಇವಳಿಗೆ!" ಎಂದು ಅರೆಲಿ ನನ್ನ ಕಡೆ ತಿರುಗಿದಳು.

ನಾನು ತಡೆಯಲಾರದೆ, "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದೆ. ದೋನ್ಯಾ ಟೊಮಾಸಾ ನನ್ನ ಮುಂದೆ ತಟ್ಟೆ ಕುಕ್ಕಿದರು. "ಮೇಷ್ಟ್ರೇ, ಬಿಸಿ ತಮಾಲೆ ತಿನ್ನಿ. ಬಾಯಿಗೆ ಕೆಲಸ ಸಿಗುತ್ತೆ." ಅದಕ್ಕಿಂತ ಹೆಚ್ಚಿಗೆ ಅವರು ಒಂದು ಮಾತೂ ಆಡಲಿಲ್ಲ. ಸೊಸೆ ತನ್ನ ದಾರಿಗೇ ಬಂದದ್ದನ್ನು ನೋಡಿ ಮುದುಕಿ ಒಂದು ಚುಚ್ಚುಮಾತನ್ನಾದರೂ ಆಡದೆ ಬಿಡುವುದಿಲ್ಲ ಅಂದುಕೊಂಡಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು; ತಮಾಲೆಯ ಜೊತೆ ನುಂಗಿದೆ.

ಎರ್ಮಿನಿಯಾ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. "ಏನೂ ಆಗಲ್ಲ ಅಂತ ನಂಗೂ ಗೊತ್ತು ಕಣೆ. ನಿನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ರೂ ನೋಡು, ಹ್ಯಾಗೆ ನಡುಗ್ತಿದೆ. ಇದೊಂದು ಸಲ ಒಳಗಿರು, ಮಗಾ. ಈ ಕೈಲಿ ಬಟನ್ ಒತ್ತಿದ್ರೆ ಒಂದು ಫೋಟೊನೂ ಬರಲ್ಲ."

ಅರೆಲಿ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. "ಸರಿ. ನಿನ್ನ ಕೈಗೋಸ್ಕರ ಹೋಗ್ತೀನಿ, ಗ್ರಹಣಕ್ಕೋಸ್ಕರ ಅಲ್ಲ. ಆದ್ರೆ ಚಿಲಕ ಹಾಕಬಾರದು."

"ಹಾಕಲ್ಲ."

ಎರ್ಮಿನಿಯಾ ಏಪ್ರನ್ನಿನ ಜೇಬಿನಿಂದ ಎರಡು ಪಿನ್ನು ತೆಗೆದಳು. ಮೊದಲೇ ತಂದಿಟ್ಟುಕೊಂಡಿದ್ದಳು! ಮಗಳ ಬಿಳಿ ಅಂಗಿಗೆ ಸೊಂಟದ ಹತ್ತಿರ ಒಂದೊಂದು ಕಡೆ ಒಂದೊಂದು ಚುಚ್ಚಿದಳು. ನಾನು ಮೇಲೆ ನೋಡುತ್ತಾ ಕುಳಿತೆ.

ಡಾರ್ಕ್‌ರೂಮಿನಲ್ಲಿ ಈಗ ಯಾರೂ ರೀಲು ತೊಳೆಯುವುದಿಲ್ಲ. ಹಳೆಯ ತೊಟ್ಟಿಗಳು, ಕ್ರಿಸ್ಮಸ್ ಗೊಂಬೆಗಳು, ಒಂದು ಮಡಚುವ ಮಂಚ. ಎರ್ಮಿನಿಯಾ ಮಂಚಕ್ಕೆ ಹೊಸ ಹಾಸಿಗೆ ಹಾಸಿ ಮಗಳನ್ನು ಮಲಗಿಸಿ, ಬಾಗಿಲು ಮುಚ್ಚಿ ತಾರಸಿಗೆ ಬಂದಳು.

ಆ ಹೊತ್ತಿಗೆ ಸೂರ್ಯ ನೆತ್ತಿಯ ಹತ್ತಿರಕ್ಕೆ ಏರಿದ್ದ. ಕ್ಯಾಮೆರಾ ಮೇಲ್ಮುಖವಾಗಿ ನಿಂತರೆ ಅದರ ಕೆಳಗೆ ಕುಕ್ಕರಗಾಲಿನಲ್ಲಿ ಕೂರಬೇಕು, ಕುತ್ತಿಗೆ ಮುರಿಯುತ್ತದೆ. ಅದಕ್ಕೆ ಆಕೆ ಸ್ಟುಡಿಯೊದಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳುವ ಕೈಗನ್ನಡಿ ತಂದಿದ್ದಳು. ಅದರಲ್ಲಿ ಕ್ಯಾಮೆರಾದ ಪರದೆ ನೋಡಿಕೊಂಡು ಬಟನ್ ಒತ್ತುವುದು. ಗಾಳಿಗೆ ಸ್ಟ್ಯಾಂಡು ಅಲುಗದಂತೆ ನಡುವಿಗೆ ಮೂರು ಇಟ್ಟಿಗೆ ಕಟ್ಟಿದ ಚೀಲ. "ನನ್ನ ಕ್ಯಾಮೆರಾ ಮುಟ್ಟಬೇಡಿ" ಎಂದು ನನಗೆ ಎಚ್ಚರಿಕೆ ಬೇರೆ. ನಾನು ಆಚೆ ಮೂಲೆಯಲ್ಲಿ ನನ್ನ ದುರ್ಬೀನಿನಿಂದ ಬಿಳಿ ರಟ್ಟಿನ ಮೇಲೆ ಸೂರ್ಯನನ್ನು ಬೀಳಿಸಿಕೊಂಡು ಕುಳಿತೆ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಸೂರ್ಯನ ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತು ಕಂಡಿತು. "ಬಂತು!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಅಕ್ಕಪಕ್ಕದ ತಾರಸಿಗಳಲ್ಲೆಲ್ಲ ಜನ, ಕೈಯಲ್ಲಿ ವೆಲ್ಡಿಂಗ್ ಗಾಜು. ಪಕ್ಕದ ಮನೆಯ ಬೆಸುಗೆಯವನು ಕೂಗಿದ: "ಏನಕ್ಕಾ, ಸೂರ್ಯಂಗೂ ಅರ್ಜಿಗೆ ಅಂಟಿಸೋ ಫೋಟೊನಾ?"

"ಹೂಂ ಕಣೋ. ಕಿವಿ ಎರಡೂ ಕಾಣ್ಲಿಲ್ಲ ಅಂದ್ರೆ ತಿರಸ್ಕಾರ!"

ಒಂದೊಂದು ಫೋಟೊ ತೆಗೆದ ಮೇಲೂ ಎರ್ಮಿನಿಯಾ ಅಂಚಿಗೆ ಹೋಗಿ ಹಿತ್ತಲಿನ ಕಡೆ ಬಗ್ಗಿ ಕರೆಯುತ್ತಿದ್ದಳು. "ಅರೆಲೀ!" ಕೆಳಗಿನಿಂದ, "ಇದೀನಮ್ಮಾ!" ಮತ್ತೆ ಹತ್ತು ನಿಮಿಷ. "ಅರೆಲೀ!" "ಎಲ್ಲಿಗ್ ಹೋಗ್ಲಿ, ಇಲ್ಲೇ ಇದೀನಿ!" ಆರನೆಯ ಫೋಟೊದ ಹೊತ್ತಿಗೆ ಬಿಸಿಲು ಬಣ್ಣ ಕಳೆದುಕೊಳ್ಳತೊಡಗಿತು. ತಂಗಾಳಿ ಬೀಸಿತು. ಏಳು, ಎಂಟು. ಎಂಟನೆಯದನ್ನು ಕನ್ನಡಿಯಲ್ಲಿ ನೋಡಿ ಆಕೆಯ ಮುಖ ಅರಳಿತು. ನನ್ನ ಕಡೆ ತಿರುಗಿ ಕೈ ಚಾಚಿ ತೋರಿಸಿದಳು, ನಡುಕ ನಿಂತಿತ್ತು.

ಹನ್ನೆರಡೂ ಹನ್ನೆರಡು ಆಗಿರಬೇಕು. ಒಂಬತ್ತನೆಯ ಸೂರ್ಯನಿಗೆ ಮೂರು ನಿಮಿಷ. ಕೆಳಗಿನಿಂದ ಕೂಗು ಕೇಳಿತು.

"ಅಮ್ಮಾ! ಅಮ್ಮಾ, ಬೇಗ ಬಾ! ಬೇಗ!"

ಎರ್ಮಿನಿಯಾ ಕೈಗನ್ನಡಿ ಬಿಸಾಕಿ ದಡದಡನೆ ಮೆಟ್ಟಿಲಿಳಿದಳು. ನಾನೂ ಓಡಿದೆ. ಹದಿನೈದು ವರ್ಷದಿಂದ ಓಡದ ಮಂಡಿ ಓಡಿತು. ಕ್ಯಾಮೆರಾದ ಹತ್ತಿರ ಯಾರಾದರೂ ಇರಬೇಕು ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮತ್ತೆ ಬೇಡ ದೇವರೇ, ಇನ್ನೊಂದು ಸಲ ಬೇಡ.

ಡಾರ್ಕ್‌ರೂಮಿನ ಬಾಗಿಲಲ್ಲಿ ದೋನ್ಯಾ ಟೊಮಾಸಾ ಗಿಡ್ಡ ಸ್ಟೂಲಿನಿಂದ ಏಳುತ್ತಿದ್ದರು. ಎರ್ಮಿನಿಯಾ ಅವರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ನಾನು ಹೊಸ್ತಿಲಲ್ಲಿ ನಿಂತೆ.

ಅರೆಲಿ ನಗುತ್ತಿದ್ದಳು. ಮಂಚದ ಮೇಲೆ ಅಂಗಾತ ಮಲಗಿದ್ದಳು, ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದಿದ್ದಳು. "ಮೆಲ್ಲಗೆ, ಅಡ್ಡ ಬರಬೇಡ! ನೋಡಮ್ಮಾ, ಒಳಗೇ ಬಂದಿದೆ!"

ಬಿಳಿ ಅಂಗಿ ಬಿಗಿದ ಹೊಟ್ಟೆಯ ಮೇಲೆ, ಸರಿಯಾಗಿ ನಟ್ಟನಡುವೆ, ಹೆಬ್ಬೆರಳ ಉಗುರಿನಷ್ಟು ಬೆಳಕಿನ ಕುಡುಗೋಲು ಬಿದ್ದಿತ್ತು. ತಗಡಿನ ಸೂರಿನಲ್ಲಿ ಯಾವ ಕಾಲದ್ದೋ ಮೊಳೆ ಬಿದ್ದುಹೋದ ಒಂದು ತೂತು. ತೂತಿನಿಂದ ಇಳಿದದ್ದು ಗ್ರಹಣ ಹಿಡಿದ ಸೂರ್ಯ, ಅಂಚೆಲ್ಲ ಸ್ಪಷ್ಟ. ಸಣ್ಣ ತೂತು ಕತ್ತಲ ಕೋಣೆಗೆ ಲೆನ್ಸಿನ ಕೆಲಸ ಮಾಡುತ್ತದೆ ಎಂದು ನಾನು ವಿವರಿಸಲು ಶುರುಮಾಡಿದೆ. ಯಾರೂ ಕೇಳಲಿಲ್ಲ. ಮೂವತ್ತೆಂಟು ವರ್ಷದ ಅಭ್ಯಾಸವಿದೆ, ಬೇಸರವಾಗಲಿಲ್ಲ.

ಎರ್ಮಿನಿಯಾ ಕಂಬದಂತೆ ನಿಂತಿದ್ದಳು. ಪಿನ್ನು, ಕತ್ತಲ ಕೋಣೆ, ಮುಚ್ಚಿದ ಬಾಗಿಲು, ಇಷ್ಟೆಲ್ಲ ಮಾಡಿದ್ದು ಯಾವುದು ಮುಟ್ಟಬಾರದು ಎಂದೋ ಅದೇ ಬಂದು ಮಗಳ ಹೊಟ್ಟೆಯ ಮೇಲೆ ಕೂತಿತ್ತು. ಮಗಳನ್ನು ಎಳೆದು ಪಕ್ಕಕ್ಕೆ ಹಾಕುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಮಗು ಒದೆಯಿತು. ಅಂಗಿಯ ಬಟ್ಟೆ ಎದ್ದಿತು, ಅದರ ಜೊತೆ ಬೆಳಕಿನ ಕುಡುಗೋಲೂ ಒಮ್ಮೆ ಹಾರಿ ಬಿತ್ತು.

"ನೋಡಿದ್ಯಾ?" ಎಂದಳು ಅರೆಲಿ. "ಆವಾಗಿಂದ ಹೀಗೇ ಒದೀತಿದೆ. ಸೂರ್ಯನ್ನೇ ಒದೀತಿದೆ!"

ಎರ್ಮಿನಿಯಾ ಮೊಣಕಾಲೂರಿದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಕುಡುಗೋಲು ಆಕೆಯ ಕೈಯ ಬೆನ್ನ ಮೇಲೆ ಹತ್ತಿ ಕುಳಿತಿತು. ಮತ್ತೆ ಒದೆಯಿತು. ಆಕೆ ನಕ್ಕಳು, ನಗುತ್ತಲೇ ಅತ್ತಳು. ಎಷ್ಟು ಹೊತ್ತು ಹಾಗೆ ಇದ್ದಳೋ.

"ಟೈಮೆಷ್ಟು, ಮೇಷ್ಟ್ರೇ?" ಎಂದು ಕೊನೆಗೆ ಕೇಳಿದಳು.

ಗಡಿಯಾರ ನೋಡಿದೆ. "ಹನ್ನೆರಡೂ ಹದಿನೆಂಟು."

"ಹೋಯ್ತಾ" ಎಂದಳು. ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಿ" ಎಂದು ಬಾಗಿಲ ಕಡೆ ತಿರುಗಿದಳು. "ಅತ್ತೆ, ಒಳಗ್ ಬನ್ನಿ. ನೋಡಿ ಇಲ್ಲಿ."

ದೋನ್ಯಾ ಟೊಮಾಸಾ ಮತ್ತೆ ಸ್ಟೂಲಿನ ಮೇಲೆ ಕುಳಿತಿದ್ದರು, ತಲೆಗೆ ಶಾಲು ಹೊದ್ದು, ಮುಖ ಗೋಡೆಯ ಕಡೆ, ಬೆನ್ನು ಅಂಗಳದ ಕಡೆ. "ನಾನ್ಯಾಕೆ? ನಾನು ಬಾಗಿಲು ಕಾಯ್ತಿದೀನಿ. ಚಿಲಕ ಬೇಡ ಅಂದ್ಳಲ್ಲ ಹುಡುಗಿ."

"ಆವಾಗಿಂದ ಇಲ್ಲೇ ಕೂತಿದೀರಾ?"

"ಇನ್ನೆಲ್ಲಿ ಕೂರ್ಲಿ? ಹೋದ ಸಲಾನೂ ಇಲ್ಲೇ ಅಲ್ವಾ ಕೂತಿದ್ದು."

"ಯಾವ ಸಲ?"

"ನೀನು ಒಳಗಿದ್ದಾಗ ಕಣೆ. ಈ ಹುಡುಗಿ ಹೊಟ್ಟೇಲಿದ್ದಾಗ."

ಎರ್ಮಿನಿಯಾ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಅವತ್ತು ಎಲ್ಲರೂ ತಾರಸಿ ಮೇಲಿದ್ರಲ್ಲ. ನೀವೂ ಅಲ್ಲೇ ಇದ್ರಿ ಅಂತ..."

"ನಾನ್ ಹ್ಯಾಗೆ ಹೋಗ್ಲೇ? ಹೊರಗಿಂದ ಚಿಲಕ ಹಾಕಿದ್ದೆ. ಒಳಗೆ ನಿನಗೆ ನೋವು ಬಂದ್ರೆ, ಆ ಔಷಧಿ ವಾಸನೆಗೆ ತಲೆ ಸುತ್ತಿದ್ರೆ, ತೆಗೆಯೋರ್ಯಾರು? ಇಲ್ಲೇ ಕೂತೆ, ಗೋಡೆ ಕಡೆ ಮುಖ ಮಾಡಿ. ಬೆನ್ನ ಹಿಂದೆ ಕತ್ತಲೆ ಆಯ್ತು, ಮತ್ತೆ ಬೆಳಕಾಯ್ತು. ಅಷ್ಟೇ ನಂಗೆ ಗೊತ್ತಾಗಿದ್ದು."

"ತಿರುಗೂ ನೋಡ್ಲಿಲ್ವಾ?"

"ನಿನ್ನನ್ನ ಕೂಡಿಹಾಕಿ ನಾನ್ ಹ್ಯಾಗೆ ನೋಡ್ಲಿ?" ಮುದುಕಿಗೆ ಸಿಟ್ಟೇ ಬಂತು. "ನೀನು ಒಳಗೆ ಅಳ್ತಿದ್ದೆ. ಕೇಳಿಸ್ತಿತ್ತು ನಂಗೆ."

"ಒಂದು ಮಾತು ಹೇಳಬಾರದಿತ್ತಾ ಅತ್ತೆ, ಇಷ್ಟು ವರ್ಷದಲ್ಲಿ?"

"ನೀನೆಲ್ಲಿ ಕೇಳ್ದೆ? ಆರು ತಿಂಗಳು ಮಾತೇ ಆಡ್ಲಿಲ್ಲ. ಆಮೇಲೆ ಶಾಲೇಲಿ ಕುಣಿಯೋಕೆ ಶುರುಮಾಡ್ದೆ. ಮಕ್ಕಳು ನಗ್ತಾರೆ ಅಂತ ಕೇಳ್ದೆ. ನಗ್ಲಿ ಬಿಡು ಅಂತ ಸುಮ್ನಾದೆ."

ಎರ್ಮಿನಿಯಾ ಬಗ್ಗಿ ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. "ಏಳಿ. ಮೇಲೆ ಹೋಗೋಣ."

"ಆ ಮೆಟ್ಟಿಲು ನನ್ನಿಂದಾಗಲ್ಲ."

"ಮೇಷ್ಟ್ರು ಹಿಂದಿಂದ ತಳ್ತಾರೆ. ಅರೆಲೀ, ನೀನೂ ಬಾ. ಹುಷಾರಾಗಿ, ಕಂಬಿ ಹಿಡ್ಕೋ."

"ಪಿನ್ನು ತೆಗೀಲಾ?" ಎಂದಳು ಅರೆಲಿ.

"ಇರ್ಲಿ ಬಿಡು, ನಿನಗೇನು ಭಾರವಾ?"

ನನ್ನ ಮಂಡಿಯ ಕಥೆ ಇಲ್ಲಿ ಬೇಡ. ಹನ್ನೆರಡೂ ಇಪ್ಪತ್ತನಾಲ್ಕಕ್ಕೆ ನಾಲ್ವರೂ ತಾರಸಿಯ ಮೇಲಿದ್ದೆವು. ಎರ್ಮಿನಿಯಾ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ವೆಲ್ಡಿಂಗ್ ಗಾಜು ಹಿಡಿದು, ಗಲ್ಲ ಎತ್ತಿ, ಸೂರ್ಯ ಎಲ್ಲಿದ್ದಾನೆಂದು ತೋರಿಸಿದಳು. ಹತ್ತನೆಯ ಫೋಟೊ ತೆಗೆದು ಮತ್ತೆ ಬಂದು ಪಕ್ಕದಲ್ಲಿ ನಿಂತಳು. ಮುದುಕಿ ಬಹಳ ಹೊತ್ತು ನೋಡಿದರು. ಪಕ್ಕದ ತಾರಸಿಯವರೂ ಮಾತು ನಿಲ್ಲಿಸಿ ಇತ್ತಲೇ ಕಿವಿಕೊಟ್ಟಿದ್ದರು.

"ಇಷ್ಟೇನಾ?" ಎಂದರು ದೋನ್ಯಾ ಟೊಮಾಸಾ. "ಇದಕ್ಕಾ ನೀನು ಮೂವತ್ಮೂರು ವರ್ಷ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದು?"

"ಅವತ್ತಿಂದು ಪೂರ್ತಿ ಇತ್ತು, ಅತ್ತೆ."

"ಪೂರ್ತಿ ಇತ್ತಾ." ಗಾಜು ಕೆಳಗಿಳಿಸಿದರು. "ಹಾಗಾದ್ರೆ ನಂಗೂ ಸಿಟ್ಟು ಬರಬೇಕಿತ್ತಲ್ಲ. ಯಾರ ಮೇಲೆ ಮಾಡ್ಕೊಳ್ಳೋದು?"

ಅತ್ತೆ, ಸೊಸೆ, ಮೊಮ್ಮಗಳು ಮೂವರೂ ನಗುವುದನ್ನು ನೋಡಿ ಪಕ್ಕದ ಬೆಸುಗೆಯವನೂ ಏನೆಂದು ತಿಳಿಯದೆ ನಕ್ಕ. ತಮಾಲೆಯ ಪಾತ್ರೆಯನ್ನು ಮೇಲಕ್ಕೇ ತಂದುಕೊಂಡು, ಗ್ರಹಣ ಬಿಡುವವರೆಗೂ ತಿನ್ನುತ್ತಾ ಕುಳಿತೆವು. ಗ್ರಹಣ ಹಿಡಿದಾಗ ಬಾಯಿಗೆ ಏನೂ ಹಾಕದ ದೋನ್ಯಾ ಟೊಮಾಸಾ ಎರಡು ತಿಂದರು. ನಾನು ಎಣಿಸಿದೆ, ಯಾರಿಗೂ ಹೇಳಲಿಲ್ಲ.

ಏಪ್ರಿಲ್ ಕೊನೆಗೆ ಅರೆಲಿಗೆ ಹೆಣ್ಣುಮಗು. ಮೂರು ಕಿಲೊ, ತುಟಿ ನೆಟ್ಟಗೆ, ಗಂಟಲು ಅಗಲ. ಪಿನ್ನಿನ ಮಹಿಮೆ ಎಂದರು ಮುತ್ತಜ್ಜಿ. ಈ ಸಲ ಎರ್ಮಿನಿಯಾ, "ಹೌದೌದು, ಅತ್ತೆ" ಎಂದಳು. ಶಾಲೆಗಳಲ್ಲಿ ಈಗಲೂ ಭಾಷಣ ಮಾಡುತ್ತಾಳೆ, ಕಚ್ಚುವುದಿಲ್ಲ ಎಂದೇ ಹೇಳುತ್ತಾಳೆ. ಕುಣಿಯುವುದನ್ನು ಮಾತ್ರ ಬಿಟ್ಟಿದ್ದಾಳೆ. ಬಾಗಿಲ ಹೊರಗೆ ಒಬ್ಬರು ಕೂತಿದ್ದರು ಎಂಬಲ್ಲಿಗೆ ಕಥೆ ಬಂದಾಗ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ.

ಟೊರೆಯಾನ್‌ಗೆ ಹೋಗಿ ಬಂದವರು ನಾಲ್ಕು ಗುರುವಾರ ತಮ್ಮ ಖಗ್ರಾಸವನ್ನು ಹಾಡಿ ಹೊಗಳಿದರು. ಎರ್ಮಿನಿಯಾ ಒಂದೊಂದು ಫೋಟೊವನ್ನೂ ಕೈಗೆತ್ತಿಕೊಂಡು ನಿಧಾನವಾಗಿ ನೋಡಿ, ಚೆನ್ನಾಗಿದೆ ಎಂದು ಮನಸಾರೆ ಹೇಳಿ, ಹಿಂದಿರುಗಿಸಿದಳು. ತನ್ನ ಪಟ್ಟಿಯನ್ನು ಅಚ್ಚುಮಾಡಿಸಿ ಸ್ಟುಡಿಯೊದಲ್ಲಿ ಹಾಕಿದಳು: ಎಂಟು ಸೂರ್ಯ, ಒಂದು ಖಾಲಿ ಕಪ್ಪು ಜಾಗ, ಮತ್ತೆ ಎಂಟು ಸೂರ್ಯ. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಅಂಥ ವ್ಯತ್ಯಾಸವೇನಿಲ್ಲ, ಕಂಪ್ಯೂಟರಿನಲ್ಲಿ ಸ್ವಲ್ಪ ತೆಳುಮಾಡಿ ಕೂರಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನೇ ಹೇಳಿಕೊಟ್ಟೆ. ವಿಜ್ಞಾನದ ಮೇಷ್ಟ್ರು ಹೇಳುವ ಮಾತಾ ಇದು ಎಂಬಂತೆ ಆಕೆ ನನ್ನನ್ನು ನೋಡಿದಳು.

ಕಳೆದ ವಾರ ಪಿಂಚಣಿಯ ಕಾಗದಕ್ಕೆ ಆರನೆಯ ಫೋಟೊ ತೆಗೆಸಲು ಹೋಗಿದ್ದೆ. ನನಗಿಂತ ಮುಂಚೆ ಪರವೂರಿನ ಯುವಕನೊಬ್ಬ ಸ್ಟೂಲಿನ ಮೇಲೆ ಕುಳಿತಿದ್ದ. ಎದುರಿಗೇ ಆ ಪಟ್ಟಿ.

"ನಡುವೆ ಒಂದು ಇಲ್ವಲ್ಲಮ್ಮಾ" ಎಂದ. "ಬ್ಯಾಟರಿ ಮುಗಿದುಹೋಯ್ತಾ? ಅಲ್ಲೇ ಅಲ್ವಾ ಗ್ರಹಣ ಚೆನ್ನಾಗಿದ್ದಿದ್ದು?"

"ಅಲ್ಲೇ" ಎಂದಳು ಎರ್ಮಿನಿಯಾ, ಅವನ ಹೆಗಲು ಹಿಡಿದು ನೇರ ಮಾಡುತ್ತಾ. "ಆವಾಗ ನನ್ನ ಮಗಳು ಕರೆದ್ಲು. ಹೋಗಿದ್ದೆ."